ಕಲ್ಲು ತೊಳೆಯುವ ತೌಡು

ಹಿಟ್ಟಿನ ಗಿರಣಿಯ ಕಲ್ಲನ್ನು ಯಾರೂ ನೀರು ಹಾಕಿ ತೊಳೆಯುವುದಿಲ್ಲ. ಒಬ್ಬರ ಜೋಳ ಬೀಸಿ ಮುಗಿದು ಇನ್ನೊಬ್ಬರ ಗೋಧಿ ಸುರಿಯುವ ಮೊದಲು ಒಂದೆರಡು ಬೊಗಸೆ ತೌಡನ್ನು ಮೇಲಿನ ತಗಡಿನ ಬಾಯಿಗೆ ಹಾಕಿ ಓಡಿಸುತ್ತಾರೆ. ಒರಟು ತೌಡು ಕಲ್ಲಿನ ಗೀರುಗಳಲ್ಲಿ ಮೆತ್ತಿಕೊಂಡ ಹಳೆಯ ಹಿಟ್ಟನ್ನೆಲ್ಲ ಕೆರೆದುಕೊಂಡು ಕೆಳಗಿನ ಬಟ್ಟೆಯ ಮೂತಿಯಿಂದ ಹೊರಗೆ ಬೀಳುತ್ತದೆ. ಕಲ್ಲು ಹಗುರಾಗುತ್ತದೆ, ಅದರ ಗೊಣಗಾಟ ನಿಂತು ಸದ್ದು ತೆಳುವಾಗುತ್ತದೆ. ಇದಕ್ಕೆ ಗಿರಣಿಯವರು ಕಲ್ಲು ತೊಳೆಯುವುದು ಎನ್ನುತ್ತಾರೆ. ಮೀಸೆ ಚಿಗುರುವ ವಯಸ್ಸಿನಿಂದ ಈ ಕೆಲಸ ಮಾಡಿಕೊಂಡು ಬಂದ ಒಬ್ಬ ಮನುಷ್ಯ, ಜಗತ್ತಿನಲ್ಲಿ ಏನೇ ಕಟ್ಟಿಕೊಂಡಿದ್ದರೂ ಬಿಡಿಸುವ ದಾರಿ ಇದೊಂದೇ ಎಂದು ನಂಬಿದರೆ ಆಶ್ಚರ್ಯವಿಲ್ಲ. ಅವನ ಹೆಂಡತಿಯ ಪ್ರಾಣಕ್ಕೆ ಕುತ್ತು ತಂದದ್ದು ಆ ನಂಬಿಕೆ.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ಮೂಟೆಯಣ್ಣ ಎಂದು. ಹೆಸರು ಬಂದ ಕಾಲದಲ್ಲಿ ಅವನು ಬಾಯಿ ಬಿಗಿದು ಕಟ್ಟಿ ನಿಲ್ಲಿಸಿದ ಗೋಧಿಮೂಟೆಯ ಹಾಗೆಯೇ ಇದ್ದ: ಮೇಲೆ ಚಿಕ್ಕ ತಲೆ, ಕೆಳಗೆಲ್ಲ ಒಂದೇ ಅಗಲ. ಗಿರಣಿ ಮುಂದಿನ ಕೋಣೆಯಲ್ಲಿ, ಸಂಸಾರ ಹಿಂದಿನೆರಡು ಕೋಣೆಗಳಲ್ಲಿ, ನಡುವೆ ಒಂದು ಬಾಗಿಲು. ಆ ಬಾಗಿಲು ಎಷ್ಟೇ ಮುಚ್ಚಿದರೂ ಹಿಟ್ಟಿನ ಧೂಳು ಮನೆಯೊಳಗೆ ಬರುತ್ತಿತ್ತು; ಗಡಿಯಾರದ ಗಾಜಿನ ಮೇಲೆ, ಜೇಡರ ಬಲೆಯ ಎಳೆಗಳ ಮೇಲೆ, ಗಂಡಹೆಂಡಿರ ಹುಬ್ಬುಗಳ ಮೇಲೆ ಕೂರುತ್ತಿತ್ತು. ಮೂತಿಯಿಂದ ಬೀಳುವ ಹಿಟ್ಟನ್ನು ಚಿಟಿಕೆಯಷ್ಟು ಹಿಡಿದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡುವುದು ಅವನ ಅಭ್ಯಾಸ. ನುಣುಪು ಸಾಲದಿದ್ದರೆ ಕಲ್ಲಿನ ತಿರುಪು ಒಂದಿಷ್ಟು ಬಿಗಿಯುತ್ತಿದ್ದ. ಕೈಯಲ್ಲಿ ಹಿಟ್ಟಿಲ್ಲದಾಗಲೂ, ಯೋಚನೆಗೆ ಬಿದ್ದರೆ, ಆ ಎರಡು ಬೆರಳು ತಮ್ಮಷ್ಟಕ್ಕೆ ತಾವು ಉಜ್ಜಾಡುತ್ತಿದ್ದವು.

ಅವನ ಹಸಿವು ಆ ಬೀದಿಯಲ್ಲಿ ಹೆಸರಾಗಿತ್ತು. ಗಿರಣಿಯ ಮುಂದೆ ನಿಂತುಕೊಂಡೇ ಉಣ್ಣುತ್ತಿದ್ದ, ಉಂಡ ತಟ್ಟೆ ಒಣಗುವ ಮೊದಲೇ ಮತ್ತೆ ಅಡುಗೆಮನೆಯ ಕಡೆ ನೋಡುತ್ತಿದ್ದ. ಐವತ್ತು ದಾಟಿದ ಮೇಲೆ ರಕ್ತದಲ್ಲಿ ಸಕ್ಕರೆ ಏರಿತು, ಮೊಣಕಾಲು ಸೋತಿತು. ಬೀದಿ ತುದಿಯ ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ ಒಂದು ಕ್ರಮ ಹೇಳಿದರು. ಪ್ರತಿ ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ನೀರಿನಲ್ಲಿ ಇಸಬ್‌ಗೋಲಿನ ಹೊಟ್ಟು ಕಲಸಿ ಕುಡಿಯಬೇಕು. ಹಿಟ್ಟನ್ನು ಜರಡಿ ಹಿಡಿಯದೆ ತೌಡಿನ ಸಮೇತ ಬಳಸಬೇಕು, ಅದಕ್ಕೆ ಬಾರ್ಲಿ ಬೆರೆಸಬೇಕು. ತಟ್ಟೆಯ ಅರ್ಧ ಸೊಪ್ಪು, ತರಕಾರಿ, ಕಾಳು.

ಕಾವಲಿಗೆ ನಿಂತವಳು ಹೆಂಡತಿ. ಸಣ್ಣ ಮೈಕಟ್ಟು, ದೊಡ್ಡ ದನಿ. ಇಸಬ್‌ಗೋಲು ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಉಬ್ಬಿ ಲೋಳೆಯಾಗುತ್ತದೆ. ಮೊದಲ ದಿನ ಅವನು ಲೋಟವನ್ನು ಓರೆ ಮಾಡಿ ನೋಡಿದ. ಅದು ಬೀಳಲೊಲ್ಲದು.

“ಏನೇ ಇದು? ಕುಡಿಯೋದಾ, ಗೋಡೆಗೆ ಕಾಗದ ಅಂಟಿಸೋದಾ?”

“ಕುಡೀರಿ. ಗೋಡೆಗಿಂತ ನೀವೇ ಅಗಲ.”

“ಒಂದಿನ ಬಿಟ್ರೆ ಏನಾಗತ್ತೆ?”

“ಒಂದಿನ ಬಿಟ್ರೆ ಆ ದಿನ ತಟ್ಟೆಯೂ ಇಲ್ಲ. ಲೋಟ ಮೊದಲು, ತಟ್ಟೆ ಆಮೇಲೆ.”

ಲೋಟ ಮೊದಲು, ತಟ್ಟೆ ಆಮೇಲೆ ಎಂಬುದು ಆ ಮನೆಯ ಕಾನೂನಾಯಿತು. ಒಂದು ದಿನ ಅವನು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದಾಗ ಅವಳು ಗಾಬರಿಯಿಂದ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವನ ಹೊಟ್ಟೆ ಸಾಕು ಎಂದಿತ್ತು. ವರ್ಷ ಕಳೆಯುವುದರಲ್ಲಿ ಸೊಂಟದ ಪಟ್ಟಿಗೆ ಹೊಸ ತೂತು ಕೊರೆಯಬೇಕಾಯಿತು; ಸಕ್ಕರೆ ಇಳಿಯಿತು. “ಮೂಟೆ ಖಾಲಿಯಾಯ್ತು, ಹೆಸರು ಮಾತ್ರ ಹಾಗೇ ಉಳೀತು” ಎಂದು ಎದುರಿನ ಬೇಕರಿಯವನು ನಗುತ್ತಿದ್ದ. ಮೂಟೆಯಣ್ಣ ಸಣ್ಣ ಕಣ್ಣಿನ ಜರಡಿಯನ್ನು ಮೊಳೆಗೆ ತೂಗುಹಾಕಿದ, ಮತ್ತೆ ಇಳಿಸಲಿಲ್ಲ. ಹಿಟ್ಟು ಬೀಸಿಸಲು ಬಂದವರಿಗೆಲ್ಲ ಉಪದೇಶ ಶುರುವಾಯಿತು: ತೌಡು ಬಿಸಾಡುವವರು ಆಯಸ್ಸು ಬಿಸಾಡುತ್ತಾರೆ.

ಅವನ ಅನುಭವ ಸುಳ್ಳಲ್ಲ. ಆದರೆ ಒಬ್ಬನ ಅನುಭವದಿಂದ ಎಲ್ಲರಿಗೂ ನಿಯಮ ಬರೆಯಲಾಗುವುದಿಲ್ಲ. ಡಾಕ್ಟರು ಹೇಳಿದ ಆ ಪದಾರ್ಥಗಳಲ್ಲೆಲ್ಲ ಇರುವ ನಾರು ಎಂಬುದು ಒಂದು ವಸ್ತುವಿನ ಹೆಸರೂ ಅಲ್ಲ. ಸಸ್ಯಗಳ ಮೈಯಲ್ಲಿ ನಮ್ಮ ಜೀರ್ಣರಸಗಳಿಗೆ ಬಗ್ಗದೆ ಉಳಿಯುವ ಹತ್ತಾರು ಪದಾರ್ಥಗಳನ್ನು ಒಂದೇ ಚೀಲಕ್ಕೆ ತುಂಬಿ ಅಂಟಿಸಿದ ಚೀಟಿ ಅದು. ಇಸಬ್‌ಗೋಲು, ಬಾರ್ಲಿಯಂಥವುಗಳ ನಾರು ನೀರು ಕುಡಿದು ಲೋಳೆಯಾಗಿ ಹೊಟ್ಟೆಯಲ್ಲಿ ಜಾಗ ಹಿಡಿಯುತ್ತದೆ, ಊಟ ಮುಂದಕ್ಕೆ ಸಾಗುವುದನ್ನು ನಿಧಾನಿಸುತ್ತದೆ. ಗೋಧಿ ತೌಡಿನ ನಾರು ಬಹುಪಾಲು ಇದ್ದ ಹಾಗೆಯೇ ಸಾಗಿಹೋಗಿ ಮಲಕ್ಕೆ ಗಾತ್ರ ಕೊಡುತ್ತದೆ. ಇನ್ನು ಕೆಲವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಅಲ್ಲಿ ಹುಟ್ಟುವ ಆಮ್ಲಗಳು ಸಾಕು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸಲು ನೆರವಾಗುತ್ತವೆ ಎಂಬ ವಾದವಿದೆ, ಆದರೆ ಇಲಿಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಮನುಷ್ಯರಲ್ಲಿ ಅದು ಕಂಡಿಲ್ಲ. ನಾರು ತಿಂದವರು ಮುಂದಿನ ಊಟದಲ್ಲಿ ಕಡಿಮೆ ತಿನ್ನುತ್ತಾರೆಯೇ ಎಂದು ಅಳೆದ ಪ್ರಯೋಗಗಳಲ್ಲಿ ಬಹಳಷ್ಟು ಯಾವ ವ್ಯತ್ಯಾಸವನ್ನೂ ತೋರಿಸಲಿಲ್ಲ. ತೋರಿಸಿದ ಕಡೆ ಹೆಚ್ಚಾಗಿ ಇದ್ದದ್ದು ಲೋಳೆಯಾಗುವ ನಾರು. ಪತ್ರಿಕೆಯ ಆರೋಗ್ಯದ ಅಂಕಣಕ್ಕೆ ಬರುವಾಗ ಇದೆಲ್ಲ ಸೋಸಿಹೋಗಿ ‘ನಾರು ಒಳ್ಳೆಯದು’ ಎಂಬ ಎರಡು ಪದ ಉಳಿಯುತ್ತವೆ. ಯಾರಿಗೆ ಒಳ್ಳೆಯದು, ಯಾವಾಗ ಒಳ್ಳೆಯದು ಎಂಬ ಪ್ರಶ್ನೆಗಳು ಜರಡಿಯ ಮೇಲೆಯೇ ನಿಂತುಬಿಡುತ್ತವೆ.

ಗಂಡ ಇಳಿದು ಗಟ್ಟಿಯಾದ ಕೆಲವು ವರ್ಷಗಳಿಗೆ ಹೆಂಡತಿ ಮೆತ್ತಗಾದಳು. ಹಿಟ್ಟಿನ ಡಬ್ಬ ಎತ್ತಿದರೆ ಏದುಸಿರು. ಹೊಸ್ತಿಲಲ್ಲಿ ಕೂತು ಸುಧಾರಿಸಿಕೊಂಡು ಮತ್ತೆ ಏಳಬೇಕು. ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಒಂದು ಕವಾಟ ಬಿಗಿದುಕೊಂಡಿದೆ ಎಂದರು. ಬದಲಿಸಬೇಕು, ಎದೆ ತೆರೆಯಬೇಕು. ಆದರೆ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಅವಳ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ತಲೆಯಾಡಿಸಿದರು.

“ಇಷ್ಟು ಸೊರಗಿರೋ ಮೈಮೇಲೆ ಚಾಕು ಇಡೋದು ಅಪಾಯ. ರಕ್ತಾನೂ ಕಮ್ಮಿ ಇದೆ. ಚೆನ್ನಾಗಿ ಊಟ ಮಾಡ್ಸಿ, ಸ್ವಲ್ಪ ಮೈ ತುಂಬಲಿ, ಬಲ ಬರ್ಲಿ. ಮುಂದಿನ ಸಲ ಬಂದಾಗ ದಿನ ಗೊತ್ತು ಮಾಡೋಣ. ಆದ್ರೆ ಈ ಕವಾಟ ಬಹಳ ಕಾಲ ಕಾಯಲ್ಲ, ನೆನಪಿಟ್ಕೊಳ್ಳಿ.”

ಅವಳು ಉಣ್ಣಬೇಕು. ಉಂಡರೆ ಬಲ, ಬಲ ಬಂದರೆ ಶಸ್ತ್ರಚಿಕಿತ್ಸೆ, ಅದಾದರೆ ಜೀವ. ಮೂಟೆಯಣ್ಣನಿಗೆ ಇದು ಚೆನ್ನಾಗಿ ಅರ್ಥವಾಯಿತು. ಜನ್ಮವಿಡೀ ಊಟವೆಂದರೆ ಏನು ಎಂದು ಬಲ್ಲವನಿಗೆ ಇಂಥ ಕೆಲಸ ವಹಿಸಿದ್ದಾರಲ್ಲ ಎಂದು ಒಳಗೊಳಗೇ ಧೈರ್ಯವೂ ಬಂತು.

ರಕ್ತಕ್ಕೆಂದು ಕೊಟ್ಟ ಕಬ್ಬಿಣದ ಮಾತ್ರೆ ಮೊದಲ ತೊಡಕು ತಂದಿತು. ಅವಳ ಹೊಟ್ಟೆ ಕಟ್ಟಿತು. ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದಳು.

“ಯಾಕೇ, ಸಪ್ಪಗಿದೆಯಾ?”

“ಸಪ್ಪೆ ಅಲ್ಲ ರೀ. ಕೆಳಗೆ ಹೋಗಿಲ್ಲ, ಮೇಲಿಂದ ಹಾಕಿದ್ರೆ ಎಲ್ಲಿಗೆ ಹೋಗತ್ತೆ?”

ಅವನಿಗೆ ನಗು ಬಂತು, ನೆಮ್ಮದಿಯ ನಗು. ಇಷ್ಟೇ ತಾನೇ! ಕೆಳಗೆ ಮೂತಿ ಕಟ್ಟಿದರೆ ಮೇಲಿನ ಬಾಯಲ್ಲಿ ಧಾನ್ಯ ಇಳಿಯುವುದಿಲ್ಲ, ಗಿರಣಿಯವನಿಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ಕಲ್ಲು ತೊಳೆಯಬೇಕು. ಸಂಜೆಯೇ ಅವನು ತನ್ನ ಇಸಬ್‌ಗೋಲಿನ ಡಬ್ಬಿ ತೆಗೆದು ಲೋಟ ಕಲಸಿದ. “ಲೋಟ ಮೊದಲು, ತಟ್ಟೆ ಆಮೇಲೆ” ಎಂದು ಅವಳದೇ ದನಿ ಮಾಡಿ ಹೇಳಿದ. ಅವಳು ನಕ್ಕು ಕುಡಿದಳು.

ದುರದೃಷ್ಟವೆಂದರೆ ಅದು ಫಲಿಸಿತು. ಎರಡು ದಿನದಲ್ಲಿ ಹೊಟ್ಟೆ ಹಗುರಾಯಿತು. ಅವಳು ಒಂದು ರೊಟ್ಟಿ ಪೂರ್ತಿ ತಿಂದು ಇನ್ನೊಂದರ ತುಂಡು ಕೇಳಿದಳು. ಮಲಬದ್ಧತೆಗೆ ಅಳತೆಯಲ್ಲಿ ನಾರು ಕೊಡುವುದು ಒಪ್ಪತಕ್ಕದ್ದೇ. ಮೊದಲ ಹೆಜ್ಜೆ ತಪ್ಪಾಗಿದ್ದರೆ ಅವನು ಅಲ್ಲಿಗೇ ನಿಲ್ಲುತ್ತಿದ್ದ. ಸರಿಯಾದ್ದರಿಂದ ಮುಂದೆ ನಡೆದ. ಸ್ವಲ್ಪ ತೊಳೆದರೆ ಇಷ್ಟು ಹಸಿವು, ಚೆನ್ನಾಗಿ ತೊಳೆದರೆ? ಒಂದು ಹೊತ್ತಿನ ಲೋಟ ಎಲ್ಲ ಹೊತ್ತಿಗೂ ಬಂತು, ಚಮಚ ಗುಪ್ಪೆಯಾಯಿತು. ಅವಳ ರೊಟ್ಟಿಯ ಹಿಟ್ಟಿಗೆ ಬಾರ್ಲಿ, ಕಾಳು, ಮೇಲಿಷ್ಟು ತೌಡು ಬಿತ್ತು. ತೌಡು ಗಂಟಲಿಗೆ ಗೀರುತ್ತದೆ ಎಂದು ಅವಳು ಅಂದಳು. ಆಗ ಅವನು ಗಿರಣಿಯವನು ಮಾತ್ರ ಮಾಡಬಲ್ಲ ಕೆಲಸ ಮಾಡಿದ: ತೌಡನ್ನು ಬೇರೆ ಮಾಡಿ, ತಿರುಪು ಬಿಗಿದು, ಮತ್ತೆ ಮತ್ತೆ ಬೀಸಿದ. ಹೆಬ್ಬೆರಳಿಗೆ ಅದು ಸಿಗದಂತಾಗುವವರೆಗೆ ಬೀಸಿದ. ಕೊನೆಗೆ ಬಂದದ್ದು ಮುಖಕ್ಕೆ ಹಚ್ಚಬಹುದಾದ ಪುಡಿ. ಅದನ್ನು ಹಿಟ್ಟಿಗೆ ಬೆರೆಸಿದರೆ ರೊಟ್ಟಿ ಮೃದುವಾಗಿಯೇ ಇರುತ್ತಿತ್ತು. ಅದರೊಳಗೆ ಎಷ್ಟಿದೆ ಎಂದು ತಿನ್ನುವವರಿಗೆ ತಿಳಿಯುವ ಹಾಗಿರಲಿಲ್ಲ.

ನಂತರದ ದಿನಗಳು ಒಂದು ಚಕ್ರಕ್ಕೆ ಸಿಕ್ಕಿಕೊಂಡವು. ಅವಳು ಕಡಿಮೆ ತಿಂದಳು. ಕಲ್ಲು ಇನ್ನೂ ತೊಳೆದಿಲ್ಲ ಎಂದು ಅವನು ಲೋಟ ದಪ್ಪ ಮಾಡಿದ. ಅವಳು ಇನ್ನೂ ಕಡಿಮೆ ತಿಂದಳು. ಕವಾಟದ ಕಾಯಿಲೆಯೇ ಹಸಿವನ್ನು ಕುಗ್ಗಿಸುತ್ತದೆ, ಕಬ್ಬಿಣದ ಮಾತ್ರೆ ಕೆಲವರ ನಾಲಿಗೆಯ ರುಚಿ ಕೆಡಿಸುತ್ತದೆ. ಎಲ್ಲವನ್ನೂ ಲೋಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಹಸಿವು ಅಷ್ಟು ಚಿಕ್ಕದಾಗಿದ್ದ ಹೊಟ್ಟೆಗೆ, ಊಟದ ಬಾಗಿಲಲ್ಲಿ ಒಂದು ಲೋಟ ಲೋಳೆ ಮೊದಲೇ ಬಂದು ಕೂತಿರುತ್ತಿತ್ತು.

“ಇನ್ನೊಂದು ತುತ್ತು.”

“ಹೊಟ್ಟೆ ತುಂಬಿದೆ ರೀ.”

“ಇಷ್ಟಕ್ಕೇನಾ?”

“ತುಂಬಿದೆ ಅಂದ್ನಲ್ಲ.”

ತುಂಬಿದೆ ಎಂಬ ಮಾತು ಅವನ ಕಿವಿಗೆ ಕೆಲವು ವರ್ಷಗಳಿಂದ ಗೆಲುವಿನ ಮಾತಾಗಿತ್ತು. ಈಗ ಅದು ಹೆದರಿಸತೊಡಗಿತು, ಆದರೆ ಯಾಕೆಂದು ತಿಳಿಯಲಿಲ್ಲ.

ಆಸ್ಪತ್ರೆಗೆ ಮತ್ತೆ ಹೋಗುವ ದಿನ ಹತ್ತಿರವಾದಾಗ ಅವಳ ತಂಗಿ ಬಂದಳು. ಅವಳು ಬಟ್ಟೆ ಹೊಲಿಯುವವಳು. ಬೇರೆ ಊರಿನಲ್ಲಿ ಅಂಗಡಿ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಹೊಲಿಗೆಯ ಕೈಮಷೀನು ಹೊತ್ತು, ಗಿರಣಿಯ ಸದ್ದನ್ನು ಮೀರಿ ಕೂಗುತ್ತಲೇ ಒಳಗೆ ಬಂದಳು.

“ಭಾವ, ನಿಮ್ಮ ಗಿರಣೀಲಿ ನಿಮ್ಮನ್ನೇ ಹಾಕಿ ಬೀಸಿದ್ರಾ ಹೇಗೆ? ಹೋದ ಸಲಕ್ಕಿಂತ ಇನ್ನೂ ಸಣ್ಣ ಆಗಿದೀರಲ್ಲ!”

“ಬಾಮ್ಮ ಬಾ. ನಿನ್ನ ನಾಲಿಗೆ ಮಾತ್ರ ಒಂದು ನೂಲೂ ಸಣ್ಣ ಆಗಿಲ್ಲ.”

“ಅದನ್ನ ನಾನೇ ಸಾಣೆ ಹಿಡೀತೀನಿ ದಿನಾ. ಅಕ್ಕ ಎಲ್ಲಿ?”

ಅಕ್ಕ ಒಳಗಿನ ಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಂಗಿಯ ನಗು ಬಾಗಿಲಲ್ಲೇ ನಿಂತಿತು. ಆದರೆ ಏನೂ ಕಾಣದವಳಂತೆ ಗಂಟು ಬಿಚ್ಚಿ, “ಆಸ್ಪತ್ರೆಗೆ ಹಾಕ್ಕೊಂಡು ಹೋಗೋ ಆ ಹಸಿರು ಅಂಗಿ ಕೊಡು, ಹೋದ ಸಲ ಬಂದಾಗ ಒಳಗೆ ಹಿಡಿದಿದ್ನಲ್ಲ, ಸರಿ ಇದೆಯಾ ನೋಡ್ತೀನಿ” ಎಂದಳು. ಅಂಗಿ ತೊಡಿಸಿ ಪಕ್ಕೆಯಲ್ಲಿ ಬಟ್ಟೆಯನ್ನು ಚಿವುಟಿ ಹಿಡಿದಳು. ಹೋದ ಸಲ ತಾನು ಹಾಕಿದ್ದ ಹೊಲಿಗೆಯ ಒಳಗೂ ಒಂದು ಹಿಡಿ ಬಟ್ಟೆ ಖಾಲಿ ನಿಂತಿತ್ತು.

ಊಟದ ಹೊತ್ತಿಗೆ ತಂಗಿ ಎಲ್ಲವನ್ನೂ ನೋಡಿದಳು. ಲೋಟ ಬಂತು. ಅಕ್ಕ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದಳು. ತಟ್ಟೆ ಬಂತು. ಅಕ್ಕ ರೊಟ್ಟಿಯ ಅಂಚು ಮುರಿದಳು, ಅಗಿದಳು, ತಟ್ಟೆಯನ್ನೇ ನೋಡುತ್ತ ಕೂತಳು.

“ಭಾವ, ಒಂದು ಮಾತು ಕೇಳ್ಲಾ? ಊಟಕ್ಕೆ ಮುಂಚೇನೇ ಊಟ ಹಾಕಿದ್ರೆ ಊಟ ಎಲ್ಲಿಗೆ ಹೋಗಬೇಕು?”

“ಅದು ಊಟ ಅಲ್ಲಮ್ಮ. ಅದು ಹೊಟ್ಟೆ ತೊಳಿಯೋದು. ತೊಳೆದ್ರೆ ತಾನೇ ಊಟ ಇಳಿಯೋದು?”

“ನಾನು ಬಟ್ಟೆ ತೊಳೆದ ಮೇಲೆ ಒಣಗಿಸ್ತೀನಿ. ಒದ್ದೆ ಬಟ್ಟೆ ಮೇಲೆ ಹೊಲಿಗೆ ಹಾಕಲ್ಲ.”

“ನಿನಗೆ ಗೊತ್ತಾಗಲ್ಲ. ನನ್ನನ್ನ ನೋಡು, ಇದೇ ಲೋಟ ನನ್ನ ಉಳಿಸಿದ್ದು.”

“ನಿಮ್ಮನ್ನ ನೋಡ್ತಾ ಇದೀನಿ. ಅಕ್ಕನ್ನೂ ನೋಡ್ತಾ ಇದೀನಿ.”

“ಸಾಕು ಬಿಡೇ” ಎಂದಳು ಅಕ್ಕ, ತಂಗಿಗೆ. “ಅವರು ಹೊತ್ತುಹೊತ್ತಿಗೆ ಎಷ್ಟು ಒದ್ದಾಡ್ತಿದಾರೆ, ನೀನೊಬ್ಬಳು.”

ನಾದಿನಿಗೂ ಖಚಿತವಿರಲಿಲ್ಲ, ರೊಟ್ಟಿ ಮೃದುವಾಗಿತ್ತು, ಲೋಟದ್ದು ಹೇಗೂ ಆರೋಗ್ಯಕ್ಕೆ ಒಳ್ಳೆಯದೆಂದು ಅವಳ ಊರಿನಲ್ಲೂ ಎಲ್ಲರೂ ಹೇಳುತ್ತಿದ್ದರು. ಊಟವಾದ ಮೇಲೆ ಹಸಿರು ಅಂಗಿಯ ಪಕ್ಕೆಗಳನ್ನು ಎರಡನೆಯ ಬಾರಿ ಒಳಗೆ ಹಿಡಿದು ಹೊಲಿದಳು. ಮಷೀನಿನ ಸದ್ದು ಗಿರಣಿಯ ಸದ್ದಿನೊಳಗೆ ಸೇರಿಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೂಕದ ಯಂತ್ರವನ್ನು ನೋಡಿ, ಹಳೆಯ ಚೀಟಿ ನೋಡಿ, ಅವಳನ್ನು ಮತ್ತೊಮ್ಮೆ ನಿಲ್ಲಿಸಿ ನೋಡಿದರು.

“ಕೂತ್ಕೊಳ್ಳಿ. ಇವರು ದಿನಾ ಏನೇನ್ ತಿಂತಾರೆ, ಹೇಳಿ.”

ಮೂಟೆಯಣ್ಣ ಈ ಪ್ರಶ್ನೆಗೆಂದೇ ಕಾದವನ ಹಾಗೆ ಹೇಳಿದ. ಬಾರ್ಲಿ, ಕಾಳು, ಸೊಪ್ಪು, ತೌಡು ಸೇರಿಸಿದ ಹಿಟ್ಟು. ತೌಡನ್ನು ತಾನೇ ಬೇರೆ ಬೀಸಿ ನುಣ್ಣಗೆ ಮಾಡಿದ್ದನ್ನು ಹೇಳುವಾಗ ಬೆರಳು ಉಜ್ಜಿ ತೋರಿಸಿದ.

“ಕುಡಿಯೋದಕ್ಕೆ?”

“ಊಟಕ್ಕೆ ಮುಂಚೆ ಒಂದು ಲೋಟ ಇಸಬ್‌ಗೋಲು ಮೇಡಂ. ಗಟ್ಟಿಯಾಗಿ.”

“ಪ್ರತಿ ಊಟಕ್ಕೂ?”

“ಒಂದೂ ತಪ್ಪಿಸಿಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಹೀಗೆ ಕೊಡಿ ಅಂತ ಯಾರು ಹೇಳಿದ್ದು?”

“ಇದು ನನಗೆ ಕೊಟ್ಟಿದ್ದು ಮೇಡಂ. ನಾನು ಮುಂಚೆ ಹೀಗಿರಲಿಲ್ಲ, ಹೀಗಿದ್ದೆ” ಎಂದು ಎರಡೂ ಕೈ ಅಗಲಿಸಿದ.

“ನಿಮಗೆ ಯಾಕೆ ಕೊಟ್ಟಿದ್ರು?”

“ಊಟ ಕಮ್ಮಿ ಆಗ್ಲಿ, ತೂಕ ಇಳೀಲಿ ಅಂತ...”

ಕೈಗಳು ಅಗಲಿಸಿದಂತೆಯೇ ನಿಂತವು. ಎಷ್ಟೋ ಗಿರಾಕಿಗಳಿಗೆ ಹೇಳಿದ್ದ ಆ ಮಾತನ್ನು ಅವನು ತಾನೇ ಈಗ ಮೊದಲ ಬಾರಿ ಕೇಳಿಸಿಕೊಂಡ. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಅಂಗಿಯ ಹೊಸ ಹೊಲಿಗೆಯನ್ನು ಉಗುರಿನಿಂದ ಸವರುತ್ತಿದ್ದಳು.

ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ವಸ್ತು ಕೆಟ್ಟದ್ದಲ್ಲ. ಹೊಟ್ಟೆ ಕಟ್ಟಿದಾಗ ಸ್ವಲ್ಪ ಕೊಟ್ಟಿದ್ದೂ ತಪ್ಪಲ್ಲ. ಆದ್ರೆ ಇವರ ಹೊಟ್ಟೇಲಿ ಇರೋ ಜಾಗ ಇಷ್ಟೇ” ಎಂದು ಅಂಗೈ ಮಡಿಸಿ ತೋರಿಸಿದರು. “ಅದನ್ನ ನೀರು, ನಾರು ಹಿಡ್ಕೊಂಡ್ರೆ ಬಲ ಕೊಡೋದು ಎಲ್ಲಿಗೆ ಹೋಗಬೇಕು? ಅಷ್ಟೊಂದು ತೌಡು ಇದ್ರೆ ಮಾತ್ರೇಲಿರೋ ಕಬ್ಬಿಣಾನೂ ಪೂರ್ತಿ ಮೈಗೆ ಹತ್ತಲ್ಲ. ಲೋಟ ನಿಲ್ಸಿ. ಹೊಟ್ಟೆಗೆ ಬೇರೆ ಔಷಧಿ ಬರ್ಕೊಡ್ತೀನಿ. ಮೆತ್ತಗಿರೋದು, ಬೆಣ್ಣೆ, ಮೊಟ್ಟೆ, ಹಾಲು, ಬಿಳಿ ಹಿಟ್ಟಿನ ರೊಟ್ಟಿ ಕೊಡಿ. ಸ್ವಲ್ಪಸ್ವಲ್ಪ, ಆದ್ರೆ ಮತ್ತೆಮತ್ತೆ.”

“ಆಪರೇಷನ್ನು?” ಎಂದಳು ನಾದಿನಿ.

“ಈ ಸಲ ಆಗಲ್ಲ. ಕವಾಟ ಹೋದ ಸಲಕ್ಕಿಂತ ಬಿಗಿದಿದೆ. ನಮ್ಮ ಹತ್ರ ಇರೋ ಕಾಲ ಸ್ವಲ್ಪ.”

ಬಸ್ಸಿನಲ್ಲಿ ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿದ್ದ ನಾದಿನಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಹೇಳಿರಲಿಲ್ಲವೇ ಎಂದು ಕೇಳುವ ಹಕ್ಕು ಅವಳಿಗಿತ್ತು, ಕೇಳಲಿಲ್ಲ. ಆ ದಯೆಯನ್ನು ಮೂಟೆಯಣ್ಣ ಊರು ಬರುವವರೆಗೂ ಮಡಿಲಲ್ಲಿ ಕಲ್ಲಿನ ಹಾಗೆ ಹೊತ್ತುಕೊಂಡು ಕೂತ.

ಮನೆಗೆ ಬಂದು ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು ಕೇಳಿದ.

“ನಿನಗೆ ಗೊತ್ತಿತ್ತಾ?”

“ಏನು?”

“ಲೋಟ ಕುಡಿದ್ರೆ ಊಟ ಸೇರಲ್ಲ ಅಂತ.”

“ಸೇರ್ತಾ ಇರ್ಲಿಲ್ಲ, ಅದು ಗೊತ್ತಿತ್ತು.”

“ಹೇಳಬಾರದಿತ್ತೇನೇ?”

ಅವಳು ಉಸಿರು ಕೂಡಿಸಿಕೊಂಡು ನಿಧಾನವಾಗಿ ಹೇಳಿದಳು. “ನೀವು ಬೇಡ ಬೇಡ ಅಂದಾಗ ನಾನು ಬಿಟ್ಟಿದ್ನಾ? ಬಲವಂತ ಮಾಡಿ ಕುಡಿಸ್ದೆ, ಬದುಕಿದ್ರಿ. ಈಗ ನನಗೆ ಬೇಡ ಅನ್ನೋಕೆ ಬಾಯಿ ಎಲ್ಲಿತ್ತು? ಮೊದಮೊದಲು ಒಳ್ಳೇದಾಗತ್ತೆ ಅಂತ್ಲೇ ಕುಡಿದೆ. ಆಮೇಲೆ...” ನಿಲ್ಲಿಸಿ ಅವನ ಮುಖ ನೋಡಿದಳು. “ಲೋಟ ಖಾಲಿ ಆದ ತಕ್ಷಣ ನಿಮ್ಮ ಮುಖ ಅರಳ್ತಿತ್ತು ರೀ. ಇಡೀ ದಿನದಲ್ಲಿ ಅಷ್ಟು ಹೊತ್ತೇ. ಅದನ್ನ ನೋಡೋಕೆ ಕುಡೀತಿದ್ದೆ.”

ಮರುದಿನ ಬೆಳಗ್ಗೆ ಅವನು ಮೊಳೆಯಿಂದ ಜರಡಿ ಇಳಿಸಿದ. ಧೂಳು ಕೊಡವಿ, ಬಲೆ ಬಿಡಿಸಿ, ಬಿಸಿಲಿಗೆ ಹಿಡಿದು ಒಂದೊಂದು ಕಣ್ಣೂ ತೆರೆದಿದೆಯೇ ಎಂದು ನೋಡಿದ. ಹೆಂಡತಿಯ ಪಾಲಿನ ಹಿಟ್ಟನ್ನು ಜರಡಿ ಹಿಡಿದು ಮತ್ತೆ ಹಿಡಿದ. ಕೆಳಗೆ ಬಿಳಿ ಗುಡ್ಡೆ, ಜರಡಿಯ ಮೇಲೆ ಕಂದು ತೌಡು. ಬೇಕರಿಯವನು ಬಾಗಿಲಲ್ಲಿ ನಿಂತು ಹುಬ್ಬೇರಿಸಿದ.

“ಏನಣ್ಣ, ಇಷ್ಟು ವರ್ಷ ನಮಗೆಲ್ಲ ಪಾಠ ಹೇಳಿ ಈಗ ನೀನೇ ಮತ ಬದಲಾಯಿಸಿದ್ಯಾ?”

“ಆ ಮತ ನನ್ನ ಹೊಟ್ಟೆಗೆ. ಇದು ಅವಳ ಹೊಟ್ಟೆಗೆ” ಎಂದ ಮೂಟೆಯಣ್ಣ, ತಲೆ ಎತ್ತದೆ.

ಅವನ ಸ್ವಂತ ಲೋಟ ಹಾಗೆಯೇ ಮುಂದುವರಿಯಿತು, ಅವನ ಮೈಗೆ ಅದು ಬೇಕಾಗಿಯೇ ಇತ್ತು. ಆದರೆ ಈಗ ಅದನ್ನು ಗಿರಣಿಯ ಮೂಲೆಯಲ್ಲಿ, ಗೋಡೆಯ ಕಡೆ ತಿರುಗಿ, ಹೆಂಡತಿಗೆ ಕಾಣದಂತೆ ಕುಡಿಯುತ್ತಿದ್ದ.

ಅಡುಗೆ ನಾದಿನಿಯ ಕೈಗೆ ಹೋಯಿತು. ಬೆಣ್ಣೆ ಹಚ್ಚಿದ ರೊಟ್ಟಿಯ ಸಣ್ಣ ತುಂಡು, ಬೇಯಿಸಿದ ಮೊಟ್ಟೆಯ ಕಾಲುಭಾಗ, ಅರ್ಧ ಲೋಟ ಹಾಲು. ಹೆಂಡತಿ ತಿಂದಳು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, “ಹಸಿವಾಗ್ತಿದೆ ರೀ” ಎಂದಳು.

ಆ ಮಾತಿಗಾಗಿ ಅವನು ಕಾದಿದ್ದ. ಬಂದಾಗ ನಂಬಲಾಗಲಿಲ್ಲ. ಅವನ ಮುಖ ಅರಳಲೆಂದು ಲೋಟ ಕುಡಿದವಳು ಅವನ ಮುಖ ಅರಳಲೆಂದು ಹಸಿವು ಎನ್ನಲಾರಳೇ? ತುತ್ತು ಇಳಿಯುವಾಗ ಗಂಟಲನ್ನು ನೋಡಿದ, ಕಣ್ಣನ್ನು ನೋಡಿದ. ಹಿಟ್ಟಾಗಿದ್ದರೆ ಬೆರಳಲ್ಲಿ ಉಜ್ಜಿ ನೋಡಬಹುದಿತ್ತು. ಇನ್ನೊಬ್ಬರ ಹಸಿವನ್ನು ಯಾವ ಬೆರಳೂ ಮುಟ್ಟಲಾರದು. ಹಸಿವನ್ನು ಅಳೆಯುವ ಪ್ರಯೋಗಶಾಲೆಗಳಲ್ಲಿ ಕೂಡ ಕೊನೆಗೆ ಮಾಡುವುದು ಒಂದು ಗೆರೆ ಎಳೆದು, ನಿಮ್ಮ ಹಸಿವು ಎಲ್ಲಿದೆ ಗುರುತು ಹಾಕಿ ಎಂದು ಕೇಳುವುದು. ಹಾಕುವ ಕೈ ಯಾರನ್ನು ಮೆಚ್ಚಿಸಲು ಎಲ್ಲಿ ಹಾಕಿತು ಎಂದು ಗೆರೆ ಹೇಳುವುದಿಲ್ಲ.

“ನೀನು ನೋಡಮ್ಮ” ಎಂದು ಅವನು ನಾದಿನಿಯನ್ನು ಗುಟ್ಟಾಗಿ ಕೇಳಿಕೊಂಡ. “ಅವಳು ನಿಜ ಹೇಳ್ತಿದಾಳಾ?”

“ಅಕ್ಕನ ಬಾಯಿ ನನಗೆ ಗೊತ್ತಿಲ್ಲ ಭಾವ. ಹೊಲಿಗೆ ನೋಡಿ ಹೇಳ್ತೀನಿ.”

ಹಸಿರು ಅಂಗಿ ತೊಡಿಸಿ ಪಕ್ಕೆ ಚಿವುಟಿದಳು. ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ಬಿಡಿಸುವಷ್ಟು ಬಿಗಿಯಾಗಿರಲಿಲ್ಲ, ಮತ್ತೆ ಒಳಗೆ ಹಿಡಿಯುವಷ್ಟು ಸಡಿಲವೂ ಆಗಿರಲಿಲ್ಲ. “ಇರಲಿ, ಹೀಗೇ ಇರಲಿ” ಎಂದಳು. ಡಾಕ್ಟರಮ್ಮನ ತೂಕದ ಯಂತ್ರವೂ ಹೆಚ್ಚುಕಡಿಮೆ ಅಷ್ಟೇ ಹೇಳಿತು: ಇಳಿಯುವುದು ನಿಂತಿದೆ, ಏರಿಕೆ ಕೂದಲೆಳೆಯಷ್ಟು. ಬೇಕಾದಷ್ಟು ಬಲ ಬಂದಿಲ್ಲ, ಆದರೆ ಕವಾಟ ಇನ್ನು ಕಾಯುವುದಿಲ್ಲ ಎಂದು ಅವರು ದಿನ ಗೊತ್ತು ಮಾಡಿದರು. ಅಪಾಯ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕಳೆದುಹೋದ ವಾರಗಳಲ್ಲಿ ಅವಳು ಸರಿಯಾಗಿ ಉಂಡಿದ್ದರೆ ಆ ಅಪಾಯ ಎಷ್ಟು ಕಡಿಮೆಯಾಗುತ್ತಿತ್ತು ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ಅವಳು ಗಾಲಿಮಂಚದ ಮೇಲೆ ಮಲಗಿದ್ದಳು. ಮಡಿಸಿದ ಹಸಿರು ಅಂಗಿ ನಾದಿನಿಯ ಕೈಯಲ್ಲಿತ್ತು. ಹಿಂದಿನ ರಾತ್ರಿಯಿಂದ ಹೆಂಡತಿಗೆ ತಿನ್ನಲು ಏನೂ ಕೊಟ್ಟಿರಲಿಲ್ಲ, ಕೊಡುವ ಹಾಗಿರಲಿಲ್ಲ. ಮೂಟೆಯಣ್ಣ ಹತ್ತಿರ ಬಂದಾಗ ಅವಳು ಹುಬ್ಬು ಗಂಟಿಕ್ಕಿದ್ದಳು. ಹೆದರಿದ್ದಾಳೆ ಎಂದುಕೊಂಡು ಕೈ ಹಿಡಿದ. ಅವಳು ಕೈ ಕೊಡವಿದಳು.

“ಬೆಳಗ್ಗಿಂದ ಹೊಟ್ಟೆ ಚುರುಗುಡ್ತಿದೆ ರೀ! ಆ ನರ್ಸಮ್ಮನ್ನ ಒಂದು ತುಂಡು ರೊಟ್ಟಿ ಕೇಳಿದ್ರೆ ನನ್ನೇ ಗದರ್ತಾಳೆ. ಪಕ್ಕದ ಮಂಚದವಳು ಬೆಣ್ಣೆ ಹಚ್ಕೊಂಡು ತಿಂತಾ ಕೂತಿದಾಳೆ, ನನ್ನ ಮುಂದೇನೇ! ಇದು ಆಸ್ಪತ್ರೆನಾ, ಏನು?”

ಅವನು ಅವಳನ್ನೇ ನೋಡುತ್ತ ನಿಂತ. ಈ ಹೊತ್ತಿನಲ್ಲಿ ಹಸಿವು ಎಂದು ಹೇಳಿ ಯಾರನ್ನು ಮೆಚ್ಚಿಸಬೇಕಾಗಿತ್ತು? ಹೇಳಿದರೂ ಸಿಗುವುದಿಲ್ಲ ಎಂದು ಗೊತ್ತಿದ್ದೂ ಬೈಯುತ್ತಿದ್ದಾಳೆ. ಇದು ಹಸಿವೇ. ಅವನಿಗೆ ನಗು ಬಂತು.

“ನಗ್ತೀರಾ? ನಗಿ ನಗಿ. ಹೊರಗೆ ಬಂದ ಮೇಲೆ ಊಟ ತಯಾರಿರಬೇಕು. ಲೋಟ ಅಲ್ಲ, ತಟ್ಟೆ.”

“ತಟ್ಟೆ” ಎಂದ ಅವನು. “ತಟ್ಟೆಯೇ ಮೊದಲು.”

ಗಾಲಿಮಂಚ ಉರುಳಿತು. ಎರಡು ಕದಗಳು ತೆರೆದು, ಅವಳನ್ನು ಒಳಗೆ ಬಿಟ್ಟುಕೊಂಡು, ಒಂದರ ಹಿಂದೆ ಒಂದು ಆಡುತ್ತ ಆಡುತ್ತ ನಿಂತವು.

ಹೊರಗಿನ ಬೆಂಚಿನ ಮೇಲೆ ನಾದಿನಿ ಬುತ್ತಿ ಬಿಚ್ಚಿ ಅವನ ಮುಂದೆ ಹಿಡಿದಳು. ಅವನೇ ಜರಡಿ ಹಿಡಿದ ಹಿಟ್ಟಿನ ರೊಟ್ಟಿ.

“ಬೆಳಗ್ಗಿಂದ ಏನೂ ತಿಂದಿಲ್ಲ ಭಾವ. ಒಂದು ತುತ್ತು.”

“ಬೇಡಮ್ಮ. ಹೊಟ್ಟೆ ತುಂಬಿದೆ.”

ಅವಳು ಬುತ್ತಿ ಮಡಿಸಿ ಮಡಿಲಲ್ಲಿಟ್ಟುಕೊಂಡಳು. ಅವನ ಕಣ್ಣು ಕದಗಳ ಮೇಲಿತ್ತು. ಮೊಣಕಾಲಿನ ಮೇಲೆ ಅವನ ಹೆಬ್ಬೆರಳೂ ತೋರುಬೆರಳೂ, ನಡುವೆ ಏನೂ ಇಲ್ಲದೆ, ಒಂದನ್ನೊಂದು ಉಜ್ಜುತ್ತಲೇ ಇದ್ದವು.